ಅಜ್ಜಿಯ ವೋಚರು, ನಮ್ಮ ಪಹಣಿ

ಮಾಸ್ಕೋ
2 ಡಿಸೆಂಬರ್ 1992

ತೀರ್ಥರೂಪ ಅಪ್ಪಯ್ಯನವರಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನಿಮ್ಮ ಕಾಗದ ತಲುಪಿ ಎಂಟು ದಿನವಾಯಿತು. ಕಮ್ಯುನಿಸ್ಟರು ಹೋದ ಮೇಲೆ ಅಲ್ಲಿಯ ಜನಕ್ಕೆ ಒಳ್ಳೇದಾಯ್ತೋ ಇಲ್ವೋ ಸರಿಯಾಗಿ ಬರಿ ಅಂದಿದ್ದಿರಿ. ನಾನು ಬಾಡಿಗೆಗಿರುವ ಮನೆಯ ಅಜ್ಜಿಯ ವಿಷಯ ಬರೆಯುತ್ತೇನೆ, ಅದರಲ್ಲೇ ನಿಮಗೆ ಅರ್ಥವಾಗುತ್ತದೆ.

ಅಜ್ಜಿ ಬಟ್ಟೆ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ತನ್ನ ಮಣ್ಣಿನ ಖರ್ಚು ಯಾರ ಮೇಲೂ ಬೀಳಬಾರದು ಅಂತ ಸರ್ಕಾರಿ ಉಳಿತಾಯ ಬ್ಯಾಂಕಿನಲ್ಲಿ ಹಣ ಇಟ್ಟಿದ್ದರು. ಈ ವರ್ಷ ಜನವರಿ 2ಕ್ಕೆ, ಈಗ ಹಂಗಾಮಿ ಪ್ರಧಾನಿಯಾಗಿರುವ ಗೈದಾರ್ ಅವರ ಮುಂದಾಳತ್ವದಲ್ಲಿ ಸರ್ಕಾರ ಹೆಚ್ಚಿನ ಸಾಮಾನುಗಳ ಬೆಲೆಯ ಮೇಲಿದ್ದ ಹಿಡಿತ ಬಿಟ್ಟಿತು. ವರ್ಷ ತುಂಬುವುದರೊಳಗೆ ಬೆಲೆ ಇಪ್ಪತ್ತು ಪಟ್ಟು ಮೀರಿ ಏರಿದೆ, ಡಾಲರಿಗೆ 400 ರೂಬಲ್ ದಾಟಿದೆ. ಪಾಸ್‌ಬುಕ್ಕಿನಲ್ಲಿ ಅಂಕಿ ಹಾಗೇ ಇದೆ, ಆ ದುಡ್ಡಿಗೆ ಈಗ ಒಂದು ಜೊತೆ ಚಳಿಗಾಲದ ಬೂಟು ಬರುವುದಿಲ್ಲ. ಕಾಗೋಡಿನ ಗೇಣಿದಾರರ ಗಲಾಟೆ ಹುಟ್ಟಿದ್ದೇ ಕೊಳಗದಿಂದ, ಗೇಣಿ ಅಳೆಯಲಿಕ್ಕೆ ಜಮೀನಿನ ಒಡೆಯರು ದೊಡ್ಡ ಕೊಳಗ ಇಟ್ಟುಕೊಂಡಿದ್ದರು ಅಂತ ನೀವು ಹೇಳುತ್ತಿದ್ದಿರಲ್ಲ, ಅದೇ ನೆನಪಾಯಿತು. ಅಜ್ಜಿ ದೊಡ್ಡ ಕೊಳಗದಲ್ಲಿ ಅಳೆದು ಕೊಟ್ಟರು, ವಾಪಸ್ಸು ಸಿಕ್ಕಿದ್ದು ಪಾವಿನಲ್ಲಿ.

ಹಾಗಂತ ಹಿಂದಿನದೇ ಚೆನ್ನಾಗಿತ್ತು ಅನ್ನಲಿಕ್ಕೂ ನನಗೆ ಮನಸ್ಸಿಲ್ಲ. ಹೋದ ವರ್ಷ ಇದೇ ಹೊತ್ತಿಗೆ ಗಂಟೆಗಟ್ಟಲೆ ಸರದಿಯಲ್ಲಿ ನಿಂತು ಬರಿಗೈಯಲ್ಲಿ ಬಂದಿದ್ದೇನೆ. ಈಗ ಅದೇ ಅಂಗಡಿಯಲ್ಲಿ ಚೀಸು, ಬೆಣ್ಣೆ, ಮಾಂಸ ಎಲ್ಲಾ ಇದೆ. ಅಜ್ಜಿ ಗಾಜಿನ ಆಚೆ ಇರುವುದನ್ನೆಲ್ಲ ಒಂದೊಂದಾಗಿ ನೋಡಿ, ಬ್ರೆಡ್ಡು ಹಾಲು ತಗೊಂಡು ಬರುತ್ತಾರೆ. ಆಗ ದುಡ್ಡಿತ್ತು, ಸಾಮಾನಿರಲಿಲ್ಲ, ಈಗ ಸಾಮಾನಿದೆ. ಅವರ ಹೊಟ್ಟೆ ತುಂಬಿಸುವುದು ಗಿರಣಿಯವರು ಹಿಂದೆ ಊರಾಚೆ ಕೊಟ್ಟ ಆರು ಸೋತ್ಕಾ ಜಾಗ. ಒಂದು ಸೋತ್ಕಾ ಅಂದರೆ ಹತ್ತಿರ ಹತ್ತಿರ ನಮ್ಮ ಒಂದು ಗುಂಟೆ. ಅಲ್ಲಿ ಬೆಳೆದ ಆಲೂಗಡ್ಡೆ ನನ್ನ ಮಂಚದ ಕೆಳಗೆ ಚೀಲದಲ್ಲಿದೆ.

ಮೆಟ್ರೋ ಬಾಗಿಲಲ್ಲಿ ಮುದುಕಿಯರು ಸಾಲಾಗಿ ನಿಂತಿರುತ್ತಾರೆ. ಒಬ್ಬಳ ಕೈಯಲ್ಲಿ ಉಣ್ಣೆಯ ಕಾಲುಚೀಲ, ಒಬ್ಬಳ ಕೈಯಲ್ಲಿ ಎರಡು ಚಹಾ ಲೋಟ. ನೆಲದ ಮೇಲೆ ಹರವಿಕೊಂಡಿಲ್ಲ, ನಮ್ಮ ಸಂತೆಯವರ ಹಾಗೆ ಕೂಗುವುದೂ ಇಲ್ಲ. ಎದೆಯ ಹತ್ತಿರ ಹಿಡಿದು ಸುಮ್ಮನೆ ನಿಂತಿರುತ್ತಾರೆ. ಲಾಭಕ್ಕೆ ಕೊಂಡು ಮಾರಿದರೆ ಜೈಲು ಅನ್ನುವ ಕಾನೂನಿನ ಕೆಳಗೆ ಬಾಳಿದವರು ಅವರು. ಮಾರುವುದು ಅಂದರೆ ಈಗಲೂ ನಾಚಿಕೆ.

ಇನ್ನು ವೋಚರು. ಅಕ್ಟೋಬರ್ ತಿಂಗಳಿಂದ ಹಸುಗೂಸಿನಿಂದ ಮುದುಕರವರೆಗೆ ಪ್ರತಿಯೊಬ್ಬರಿಗೂ 10,000 ರೂಬಲ್ ಮುಖಬೆಲೆಯ ಒಂದೊಂದು ಕಾಗದ ಹಂಚುತ್ತಿದ್ದಾರೆ. ಬ್ಯಾಂಕಿನಲ್ಲಿ 25 ರೂಬಲ್ ಕಟ್ಟಿದರೆ ಕೊಡುತ್ತಾರೆ. ಸರ್ಕಾರದ ಕಾರ್ಖಾನೆಗಳಲ್ಲಿ ಇದು ನಿಮ್ಮ ಪಾಲು, ಶೇರು ಕೊಳ್ಳಿ ಅನ್ನುತ್ತಾರೆ. ಮುಂದೆ ಇದರ ಬೆಲೆ ಎರಡು ವೋಲ್ಗಾ ಕಾರಿನಷ್ಟಾಗುತ್ತದೆ ಅಂತ ಈ ಯೋಜನೆಯ ಹೊಣೆ ಹೊತ್ತ ಮಂತ್ರಿ ಚುಬಾಯಿಸ್ ಹೇಳಿದ್ದಾರೆ. ಅಜ್ಜಿ ಅದನ್ನು ದೇವರ ಪಟದ ಹಿಂದೆ ಇಟ್ಟಿದ್ದಾರೆ. ಯಾವ ಕಾರ್ಖಾನೆ, ಅದರಲ್ಲಿ ಎಷ್ಟು, ಯಾರನ್ನು ಕೇಳಬೇಕು, ಅವರಿಗೆ ಒಂದೂ ಗೊತ್ತಿಲ್ಲ. ಮೆಟ್ರೋ ಹತ್ತಿರ ‘ವೋಚರು ಕೊಳ್ಳುತ್ತೇನೆ’ ಅಂತ ಕೊರಳಿಗೆ ರಟ್ಟು ನೇತುಹಾಕಿಕೊಂಡವರು ಮುಖಬೆಲೆಗಿಂತ ಕಡಿಮೆಗೆ ಕೇಳುತ್ತಾರೆ, ಜನ ಕೊಟ್ಟುಬಿಡುತ್ತಾರೆ. ನೂರಾರು ಕಾಗದ ಕೂಡಿಹಾಕುವವನಿಗೆ ಕಾರ್ಖಾನೆ ಯಾವುದು ಅಂತ ಚೆನ್ನಾಗಿ ಗೊತ್ತು.

ಅಪ್ಪಯ್ಯ, ನಿಮಗೂ ಸರ್ಕಾರದಿಂದ ಬಂದದ್ದು ಒಂದು ಕಾಗದವೇ. ಆದರೆ ಗೇಣಿ ಗದ್ದೆಯ ಹಕ್ಕು ಕೇಳಿ ಏಳನೇ ನಂಬರ್ ಫಾರಂ ತುಂಬುವಾಗ ಗದ್ದೆಯ ನಾಲ್ಕೂ ಬದು ನಿಮ್ಮ ಕಾಲಿಗೆ ಗೊತ್ತಿತ್ತು. ಭೂನ್ಯಾಯಮಂಡಳಿ ಮುಂದೆ ಒಡೆಯರೂ ನೀವೂ ಒಂದೇ ಸಮ ನಿಂತಿರಿ, ಹಿಂದಿನಿಂದ ರೈತರ ಸಂಘದವರು ಇದ್ದರು. ಇಲ್ಲಿ ಅಜ್ಜಿಯ ಹಿಂದೆ ಯಾರೂ ಇಲ್ಲ. ಎಪ್ಪತ್ತು ವರ್ಷ ಸಂಘ ಅಂದರೆ ಪಕ್ಷದ್ದು ಮಾತ್ರ. ಕೆಲಸ ಆಗುತ್ತಿದ್ದದ್ದು ವಶೀಲಿಯಿಂದ, ಅದಕ್ಕೆ ಬ್ಲಾತ್ ಅನ್ನುತ್ತಾರೆ. ಗುರುತಿನವರನ್ನು ಪ್ರಾಣಕ್ಕಿಂತ ಹೆಚ್ಚು ನಂಬುತ್ತಾರೆ, ಕಚೇರಿಯನ್ನು ಒಂದಿಷ್ಟೂ ನಂಬುವುದಿಲ್ಲ. ಸುಧಾರಣೆ ಸಿಕ್ಕಿಕೊಂಡಿರುವುದು ಅಲ್ಲೇ ಅಂತ ನನಗೆ ಕಾಣುತ್ತದೆ. ಬೆಲೆಯನ್ನು ಒಂದೇ ದಿನದಲ್ಲಿ ಬಿಟ್ಟುಬಿಡಬಹುದು, ಈ ನಂಬಿಕೆಗೆ ಎಷ್ಟು ವರ್ಷ ಬೇಕೋ.

ಆದರೂ ಮೊನ್ನೆ ಸೋಮವಾರ ಒಂದು ಒಳ್ಳೆಯ ಸಂಗತಿ ನಡೆಯಿತು. ಹೋದ ವರ್ಷ ಅಧ್ಯಕ್ಷ ಯೆಲ್ತ್ಸಿನ್ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಿದ್ದರಲ್ಲ, ಸಂವಿಧಾನ ನ್ಯಾಯಾಲಯ ಅದರ ತೀರ್ಪು ಕೊಟ್ಟಿತು. ಮೇಲಿನ ನಾಯಕತ್ವವನ್ನು ವಿಸರ್ಜಿಸಿದ್ದು ಸರಿ, ಕೆಳಗಿನ ಸ್ಥಳೀಯ ಘಟಕಗಳನ್ನು ನಿಷೇಧಿಸಿದ್ದು ಸರಿಯಲ್ಲ ಅಂದರು. ನನಗೆ ಆ ಪಕ್ಷದ ಮೇಲೆ ಪ್ರೀತಿಯಿಲ್ಲ. ಆದರೆ ಈ ದೇಶದಲ್ಲಿ ಆಳುವವನ ಆಜ್ಞೆಯನ್ನು ಕೋರ್ಟು ಎದುರಿಗೇ ಅರ್ಧ ತಪ್ಪು ಅಂದದ್ದು ಕೇಳಿ ಕಣ್ಣು ತುಂಬಿತು. ಅಜ್ಜಿ ರೇಡಿಯೋ ದೊಡ್ಡದು ಮಾಡಿ, ‘ನಿಜವಾಗಿ ಹೀಗೇ ಅಂದರಾ?’ ಅಂತ ಎರಡು ಸಲ ಕೇಳಿದರು. ನಿನ್ನೆಯಿಂದ ಜನಪ್ರತಿನಿಧಿಗಳ ಕಾಂಗ್ರೆಸ್, ಅಂದರೆ ಇಲ್ಲಿಯ ದೊಡ್ಡ ಶಾಸನಸಭೆ, ಕೂತಿದೆ. ಗೈದಾರ್ ಉಳಿಯುತ್ತಾರೋ ಹೋಗುತ್ತಾರೋ ಅಂತ ಊರೆಲ್ಲ ಅದೇ ಮಾತು.

ನಮ್ಮ ಗದ್ದೆಯ ಕತೆಯನ್ನು ಅಜ್ಜಿಗೆ ಹೇಳಿದೆ. ಸರ್ವೆ ನಂಬರು, ಗುಂಟೆ, ಯಾರು ಸಾಗುವಳಿ ಮಾಡುತ್ತಾರೆ, ಏನು ಬೆಳೆ ಅಂತೆಲ್ಲ ಒಂದೇ ಹಾಳೆಯಲ್ಲಿ ಬರೆದಿರುತ್ತದೆ ಅಂದರೆ ನಂಬಲಿಲ್ಲ, ನೋಡಬೇಕು ಅಂದರು. ಮುಂದಿನ ಕಾಗದದ ಜೊತೆ ಪಹಣಿಯ ಒಂದು ನಕಲು ಇಟ್ಟು ಕಳಿಸಿ. ಅಮ್ಮನಿಗೆ ನಮಸ್ಕಾರ, ತಂಗಿಗೆ ಆಶೀರ್ವಾದ.

ನಿಮ್ಮ ಮಗ