ಅಷ್ಟೊಂದು ರಜೆ ಇದ್ದೂ ಏನೇ ನಿನ್ನ ಗೋಳು?

ಗೋಥೆನ್‌ಬರ್ಗ್, ಸ್ವೀಡನ್
ಫೆಬ್ರವರಿ

ಪ್ರೀತಿಯ ಅಕ್ಕ,

ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟಿಗೆ ಮತ್ತೆ ಜ್ವರ ಬಂದಿತ್ತು, ಈಗ ಬಿಟ್ಟಿದೆ. ಅಮ್ಮನಿಗೆ ಹೇಳಬೇಡ, ಸುಮ್ನೆ ಕಷಾಯದ ಪಟ್ಟಿ ಶುರು ಮಾಡುತ್ತಾಳೆ.

"ಅಷ್ಟೊಂದು ರಜೆ ಕೊಡುವ ದೇಶದಲ್ಲಿದ್ದೂ ಏನೇ ನಿನ್ನ ಗೋಳು" ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದೇ ತಲೆಯಲ್ಲಿ ಕೂತಿದೆ.

ರಜೆ ನಿಜಕ್ಕೂ ಇದೆ. ಒಂದು ಮಗುವಿಗೆ ಅಪ್ಪ ಅಮ್ಮ ಇಬ್ಬರಿಗೂ ಸೇರಿ 480 ದಿನ. ಅದರಲ್ಲಿ ತಲಾ 90 ದಿನ ಅವರವರದೇ. ಅಪ್ಪ ತೆಗೆದುಕೊಳ್ಳದಿದ್ದರೆ ಆ 90 ಹೋಯಿತು, ಅಮ್ಮನಿಗೆ ಬರೆದುಕೊಡುವ ಹಾಗಿಲ್ಲ. ಅಪ್ಪಂದಿರಿಗೂ ಇಂಥ ರಜೆ ಶುರುವಾಗಿದ್ದು 1974ರಲ್ಲೇ. (ಭಾವನಂಥ ಕೇಂದ್ರ ಸರ್ಕಾರಿ ನೌಕರರಿಗೆ ನಮ್ಮಲ್ಲಿ 15 ದಿನ, ಅಲ್ವಾ?) ಮಗುವಿಗೆ ಹುಷಾರಿಲ್ಲದಿದ್ದರೆ ಬೇರೆಯೇ ರಜೆ. ಆಗ ಒಂದು ಮಿತಿಯೊಳಗೆ ಸಂಬಳದ ಹೆಚ್ಚುಕಡಿಮೆ ಶೇ 80ರಷ್ಟನ್ನು ಸರ್ಕಾರದ ವಿಮೆಯೇ ಕೊಡುತ್ತದೆ. ಮ್ಯಾನೇಜರ್ ಮುಖ ಸಿಂಡರಿಸುವುದಿಲ್ಲ. ಅವರೂ ಹೋದ ವಾರ ಮಗನ ಕೆಮ್ಮಿಗೆ ಮನೆಯಲ್ಲೇ ಇದ್ದರು.

ಆದರೆ ರಜೆ ಹಾಕಿದರೂ ಮನೆಯಲ್ಲಿ ಕೂರುವವಳು ಅದೇ ಗಾಬರಿಯ ನಾನೇ ತಾನೇ? ಇವರು ರಜೆ ಹಾಕಿದರೆ ಲ್ಯಾಪ್‌ಟಾಪ್ ಮುಚ್ಚಿ, ಪುಟ್ಟಿಗೆ ಗಂಜಿ ಕುಡಿಸಿ, ಅವಳ ಪಕ್ಕ ತಾವೂ ಒಂದು ನಿದ್ದೆ ತೆಗೆಯುತ್ತಾರೆ. ನಾನಾದರೆ ಥರ್ಮಾಮೀಟರ್ ನೋಡುವಾಗಲೂ ಆಫೀಸಿನ ಮೆಸೇಜ್ ಓದುತ್ತಿರುತ್ತೇನೆ. ಆಫೀಸಿಗೆ ಹೋದ ದಿನ ಡೇಕೇರಿಂದ ಫೋನ್ ಬಂತಾ ಅನ್ನುವ ಚಿಂತೆ. ಇಬ್ಬರಿಗೂ ಇರುವ ರಜೆ ಅದೇ, ಮಗುವೂ ಅದೇ.

ಆಫೀಸು-ಮನೆಯ ಈ ಎಳೆದಾಟದ ಬಗ್ಗೆ ಗ್ರೀನ್‌ಹೌಸ್ ಮತ್ತು ಬ್ಯೂಟೆಲ್ ಅನ್ನುವ ಇಬ್ಬರು ಸಂಶೋಧಕರು 1985ರಲ್ಲೇ ಬರೆದಿದ್ದಾರೆ. ಅವರ ಪ್ರಕಾರ ಅದು ಮೂರು ಥರ. ಒಂದು, ಸಮಯ ಸಾಲದಿರುವುದು. ಇನ್ನೊಂದು, ಆಫೀಸಿನ ಒತ್ತಡ ಮನೆಗೂ, ಮನೆಯದ್ದು ಆಫೀಸಿಗೂ ಬರುವುದು. ಮೂರನೆಯದು, ಒಂದು ಕಡೆ ಒಪ್ಪುವ ವರ್ತನೆ ಇನ್ನೊಂದು ಕಡೆ ಒಪ್ಪದಿರುವುದು. ರಜೆಯಿಂದ ಸರಿಹೋಗುವುದು ಮೊದಲನೆಯದು ಮಾತ್ರ ಅಂತ ನನಗನ್ನಿಸುತ್ತದೆ. ಬೇಗ ಗಾಬರಿಯಾಗುವವರಿಗೆ ಈ ಕಷ್ಟ ಜಾಸ್ತಿ ಅಂತ ಆಮೇಲಿನ ಅಧ್ಯಯನಗಳೂ ಹೇಳುತ್ತವೆ. ಅದಕ್ಕೆ ಅಧ್ಯಯನ ಬೇಕಿತ್ತಾ, ನಮ್ಮಮ್ಮನನ್ನು ನೋಡಿದ್ದರೆ ಸಾಕಿತ್ತು! ಸ್ಕೂಲಿನ ಪೇಪರ್ ತಿದ್ದುತ್ತಲೇ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಲೆಕ್ಕ ಇಡುತ್ತಿದ್ದಳು. ಅಪ್ಪ "ಆಗತ್ತೆ ಬಿಡೇ" ಅಂದಷ್ಟೂ ಅವಳಿಗೆ ಸಿಟ್ಟು ಏರುತ್ತಿತ್ತು.

ಇವರೂ ಅದನ್ನೇ ಹೇಳುತ್ತಾರೆ, ತಲೆ ಕೆಡಿಸಿಕೊಳ್ಳಬೇಡ ಅಂತ. ನಮ್ಮಂಥವರಿಗೆ ಆ ಮಾತಿನಿಂದ ನಯಾಪೈಸೆ ಉಪಯೋಗ ಇಲ್ಲ. ನಾನೀಗ ರಜೆ ಹಾಕಿದ ದಿನ ಬೆಳಿಗ್ಗೆಯೇ ಟೀಮಿಗೆ ಬರೆದುಬಿಡುತ್ತೇನೆ: ಇವತ್ತು ಇಂಥ ಕೆಲಸ ಆಗುವುದಿಲ್ಲ, ಅವಸರ ಇದ್ದರೆ ಇಂಥವರನ್ನು ಕೇಳಿ. ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ ಮೆಸೇಜ್ ನೋಡುತ್ತೇನೆ. ಪೂರ್ತಿ ನೋಡಲೇಬೇಡ ಅಂದರೆ ನನ್ನ ಕೈಲಾಗದು. ಇವರಿಗೆ ಅದು ನಗು. ನಗಲಿ ಬಿಡು.

ನೀನೂ ನನ್ನಂಥವಳೇ. ಮಾರ್ಚ್ ಬಂದರೆ ಬ್ಯಾಂಕಿನಲ್ಲಿ ನಿನಗೆ ತಲೆ ಎತ್ತಲಾಗುವುದಿಲ್ಲ. ಆಗ ಚಿನ್ನುಗೆ ಹುಷಾರು ತಪ್ಪಿದರೆ ಭಾವ ರಜೆ ಹಾಕಲಿ. ಬಾಯಿಬಿಟ್ಟು ಕೇಳು, ತಾವಾಗಿ ಅವರಿಗೆ ಹೊಳೆಯುವುದಿಲ್ಲ. ಔಷಧಿ ಎಷ್ಟು ಹೊತ್ತಿಗೆ ಅಂತ ಚೀಟಿ ಬರೆದಿಟ್ಟು ಹೋಗು. ಆಮೇಲೆ ಗಂಟೆಗೊಂದು ಫೋನ್ ಮಾಡಬೇಡ. ಸರಿ, ಒಂದು ಮಾಡು.

ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು. ಜುಲೈಗೆ ಟಿಕೆಟ್ ನೋಡುತ್ತಿದ್ದೇವೆ.

ನಿನ್ನ ತಂಗಿ