ಅಪ್ಪನ ತೋಟಕ್ಕೆ ಪೌತಿ ಖಾತೆ ಆಯಿತು, ನಿಮ್ಮಲ್ಲಿರುವ ಖಾತೆಗೆ ಯಾವಾಗ?

ಗೆ,
ಕುಂದುಕೊರತೆ ಅಧಿಕಾರಿಗಳು,
ಫೋಟೊ ಮತ್ತು ಆಡಿಯೊ ಸಂಗ್ರಹ ಸೇವಾ ವಿಭಾಗ

ವಿಷಯ: ತೀರಿಕೊಂಡ ನಮ್ಮ ತಂದೆಯವರ ಖಾತೆಯಲ್ಲಿರುವ ಹಾಡು ಮತ್ತು ಫೋಟೊಗಳ ಪ್ರತಿ ಕೊಡದಿರುವ ಬಗ್ಗೆ ದೂರು.

ಮಾನ್ಯರೇ,

ನಮ್ಮ ತಂದೆ ಹೋದ ವರ್ಷ ಜೂನ್‌ನಲ್ಲಿ ತೀರಿಕೊಂಡರು. ಅವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಿಮ್ಮಲ್ಲಿ ಖಾತೆ ಮಾಡಿಕೊಂಡು ತಿಂಗಳಿಗೆ 99 ರೂಪಾಯಿ ಕಟ್ಟುತ್ತಿದ್ದರು. ಆ ದುಡ್ಡು ಇವತ್ತಿಗೂ ಅಮ್ಮನ ಡೆಬಿಟ್ ಕಾರ್ಡಿನಿಂದ ಹೋಗುತ್ತಿದೆ. ಆದರೆ ಒಳಗೆ ಏನಿದೆಯೋ ಅದನ್ನು ನೋಡಲು ನಮಗೆ ದಾರಿಯಿಲ್ಲ.

ಒಳಗೆ ಏನಿದೆ ಎಂದು ಮೊದಲು ಹೇಳಿಬಿಡುತ್ತೇನೆ. 2022ರ ಮಳೆಗಾಲದಲ್ಲಿ ಅಪ್ಪ ನಮ್ಮ ಅಜ್ಜಿಯನ್ನು ಜಗುಲಿಯಲ್ಲಿ ಕೂರಿಸಿಕೊಂಡು ದಿನಾ ಸಂಜೆ ಹಾಡಿಸುತ್ತಿದ್ದರು. ಹಸೆಗೆ ಕರೆಯುವ ಹಾಡು, ತೊಟ್ಟಿಲ ಹಾಡು, ಗೌರಿ ಹಬ್ಬದ ಹಾಡು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ, ಎಲ್ಲ ಬಾಯಲ್ಲೇ. ಎಪ್ಪತ್ತಕ್ಕೂ ಜಾಸ್ತಿ ಹಾಡುಗಳನ್ನು ಅಪ್ಪ ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದೊಂದಕ್ಕೂ ಹೆಸರು ಕೊಟ್ಟು, ನಿಮ್ಮಲ್ಲಿ ಇಟ್ಟರು. ಮುಂದಿನ ವರ್ಷ ಅಜ್ಜಿ ಹೋದರು.

ನನ್ನ ಹತ್ತಿರ ಉಳಿದಿರುವುದು ಒಂದೇ ತುಣುಕು. ಅಪ್ಪ ಯಾವಾಗಲೋ ವಾಟ್ಸಾಪ್‌ನಲ್ಲಿ ಕಳಿಸಿದ್ದು, ನಲವತ್ತು ಸೆಕೆಂಡಿನದು. ಹಿಂದೆ ಮಳೆ ಸುರಿಯುವ ಸದ್ದು. ಅಜ್ಜಿ ಎರಡು ಸಾಲು ಹಾಡಿ ನಿಲ್ಲಿಸುತ್ತಾರೆ. "ಮುಂದಿಂದು ಮರ್ತೇ ಹೋತು ಮಾಣಿ" ಎನ್ನುತ್ತಾರೆ. ಅಪ್ಪ ಮೆಲ್ಲಗೆ ಮುಂದಿನ ಸಾಲಿನ ಮೊದಲ ಪದ ನೆನಪಿಸುತ್ತಾರೆ. ಅಜ್ಜಿ ಮತ್ತೆ ಎತ್ತಿಕೊಳ್ಳುವ ಹೊತ್ತಿಗೆ ತುಣುಕು ಮುಗಿಯುತ್ತದೆ. ಇಬ್ಬರ ದನಿಯೂ ಒಟ್ಟಿಗೆ ಇರುವುದು ಅಲ್ಲಿ ಮಾತ್ರ. ಉಳಿದದ್ದೆಲ್ಲ ನಿಮ್ಮ ಹತ್ತಿರ ಇದೆ.

ಅಪ್ಪ ಪಾಸ್‌ವರ್ಡನ್ನು ಹಳೆಯ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದರು. ಅದು ಸರಿಯಾಗಿಯೇ ಇದೆ. ಆದರೆ ಹಾಕಿದ ಕೂಡಲೇ ಅವರ ಮೊಬೈಲಿಗೆ ಒಟಿಪಿ ಹೋಗುತ್ತದೆ. ಫೋನು ಆಸ್ಪತ್ರೆಯ ಓಡಾಟದಲ್ಲಿ ಕಳೆದುಹೋಯಿತು. ನಂಬರಿಗೆ ರೀಚಾರ್ಜ್ ಮಾಡಿಸುವುದನ್ನು ನಾನೇ ಬಿಟ್ಟೆ. 90 ದಿನ ಬಳಸದೆ ಬಿಟ್ಟರೆ ನಂಬರು ರದ್ದಾಗಬಹುದು, ಆಮೇಲೆ ಬೇರೆಯವರಿಗೂ ಹೋಗಬಹುದು ಎನ್ನುವುದು ಆಗ ತಲೆಗೆ ಹೊಳೆಯಲಿಲ್ಲ. ಹದಿಮೂರು ದಿನದ ಕೆಲಸ ಮುಗಿಸಿ ಅಮ್ಮನನ್ನು ನೋಡಿಕೊಳ್ಳುವ ಹೊತ್ತಿನಲ್ಲಿ ಸಿಮ್ ಯಾರಿಗೆ ನೆನಪಾಗುತ್ತದೆ?

ಡಿಸೆಂಬರ್‌ನಿಂದ ನಿಮಗೆ ಮೂರು ಮೇಲ್ ಬರೆದಿದ್ದೇನೆ. ಮೊದಲನೆಯದಕ್ಕೆ "ಲಾಗಿನ್ ಆಗಿ ದೂರು ಸಲ್ಲಿಸಿ" ಎಂದು ಉತ್ತರ ಬಂತು. ಲಾಗಿನ್ ಆಗುವುದಿಲ್ಲ ಎನ್ನುವುದೇ ನನ್ನ ದೂರಾಗಿತ್ತು. ಎರಡನೆಯದಕ್ಕೆ "ಖಾತೆದಾರರೇ ನೇರವಾಗಿ ಸಂಪರ್ಕಿಸಬೇಕು" ಎಂದಿರಿ. ಆ ಮೇಲ್‌ಗೆ ನಾನು ಅಪ್ಪನ ಮರಣ ಪ್ರಮಾಣಪತ್ರ ಲಗತ್ತಿಸಿದ್ದೆ. ಅದನ್ನು ಯಾರೂ ತೆರೆದು ನೋಡಿಲ್ಲ ಎಂದು ಗೊತ್ತಾದಾಗ ತುಂಬಾ ನೋವಾಯಿತು. ಮೂರನೆಯದಕ್ಕೆ ಉತ್ತರವೇ ಇಲ್ಲ.

ಅಪ್ಪ ಹೋದ ಮೇಲೆ ನಾವು ಸುಮಾರು ಕಚೇರಿ ಅಲೆದಿದ್ದೇವೆ. ಬ್ಯಾಂಕಿನಲ್ಲಿ ನಾಮಿನಿ ಇತ್ತು, ಒಂದು ವಾರದಲ್ಲಿ ಕೆಲಸ ಆಯಿತು. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿದೆವು. ಅಡಿಕೆ ತೋಟಕ್ಕೆ ಪೌತಿ ಖಾತೆಯಾಗಿ ಪಹಣಿಯಲ್ಲಿ ಹೆಸರೂ ಬಂತು. ತಡವಾಯಿತು, ಓಡಾಟವಾಯಿತು, ಆದರೆ ಎಲ್ಲ ಕಡೆಯೂ ಒಂದು ಅರ್ಜಿ ಇತ್ತು, ಅದನ್ನು ತೆಗೆದುಕೊಳ್ಳಲು ಒಬ್ಬ ಮನುಷ್ಯ ಇದ್ದರು. ನಿಮ್ಮಲ್ಲಿ ಎರಡೂ ಇಲ್ಲ.

ಇದು ಆಗದ ಕೆಲಸವೇನೂ ಅಲ್ಲ. ಗೂಗಲ್ 2013ರಿಂದಲೇ ಇದಕ್ಕೆ ವ್ಯವಸ್ಥೆ ಮಾಡಿದೆ. ಇಷ್ಟು ತಿಂಗಳು ಖಾತೆ ಬಳಸದಿದ್ದರೆ ಇಂಥವರಿಗೆ ತಿಳಿಸಿ, ಇಂಥದ್ದನ್ನು ಕೊಡಿ ಎಂದು ನಾವೇ ಮೊದಲೇ ಹೇಳಿಡಬಹುದು. 2021ರ ಡಿಸೆಂಬರ್‌ನಿಂದ ಆಪಲ್‌ನಲ್ಲೂ ವಾರಸುದಾರರನ್ನು ಸೇರಿಸಬಹುದು. ನನ್ನ ಮತ್ತು ಅಮ್ಮನ ಗೂಗಲ್ ಖಾತೆಗೆ ಹೋದ ತಿಂಗಳು ನಾನೇ ಇದನ್ನು ಮಾಡಿದೆ, ಒಟ್ಟು ಹತ್ತು ನಿಮಿಷವೂ ಹಿಡಿಯಲಿಲ್ಲ. ನಿಮ್ಮ ಆ್ಯಪ್‌ನಲ್ಲಿ ಅಂಥ ಒಂದು ಜಾಗ ಇದ್ದಿದ್ದರೆ ಅಪ್ಪ ಖಂಡಿತ ತುಂಬಿರುತ್ತಿದ್ದರು. ಫಾರ್ಮಿನಲ್ಲಿ ಖಾಲಿ ಜಾಗ ಬಿಡುವವರಲ್ಲ ಅವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 14ನೇ ಕಲಂ ಕೂಡ, ತನ್ನ ಮರಣದ ನಂತರ ತನ್ನ ಹಕ್ಕು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡಬಹುದು ಎನ್ನುತ್ತದೆ. ಕಾನೂನಿನ ಗಡುವು ಯಾವಾಗಲೇ ಇರಲಿ, ಆ ಜಾಗವನ್ನು ನೀವು ಈಗಲೇ ಕೊಡಬಹುದು ಅಲ್ವಾ?

ಖಾಸಗಿತನ ಕಾಪಾಡುವುದು ನಿಮ್ಮ ಹೊಣೆ, ಅದನ್ನು ನಾನು ಒಪ್ಪುತ್ತೇನೆ. ಯಾರೋ ಬಂದು ಮಗಳು ಎಂದ ಮಾತ್ರಕ್ಕೆ ನೀವು ಬಾಗಿಲು ತೆರೆಯಬಾರದು. ಅಪ್ಪನ ಪತ್ರ, ಮಾತುಕತೆ ಯಾವುದೂ ನಮಗೆ ಬೇಡ. ಖಾತೆಯನ್ನು ನಮ್ಮ ಕೈಗೆ ಕೊಡುವುದೂ ಬೇಡ. "ಅಮ್ಮನ ಹಾಡು" ಎಂದು ಅವರು ಹೆಸರಿಟ್ಟ ಫೋಲ್ಡರ್ ಮತ್ತು ಮನೆಯ ಫೋಟೊಗಳ ಪ್ರತಿ ಸಾಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಮ್ಮ ಮತ್ತು ತಂಗಿಯ ಒಪ್ಪಿಗೆ ಪತ್ರ, ಪ್ರತಿ ತಿಂಗಳು ದುಡ್ಡು ಹೋಗಿರುವ ಬ್ಯಾಂಕ್ ದಾಖಲೆ ಎಲ್ಲವನ್ನೂ ಮತ್ತೆ ಲಗತ್ತಿಸಿದ್ದೇನೆ. ಇನ್ನೇನು ಬೇಕು ಹೇಳಿ, ತಂದುಕೊಡುತ್ತೇವೆ.

ಈಗ ಅವಸರ ಯಾಕೆಂದರೆ, ಅಮ್ಮನ ಕಾರ್ಡಿನ ಅವಧಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹೊಸ ಕಾರ್ಡ್ ಸೇರಿಸಬೇಕೆಂದರೂ ಲಾಗಿನ್ ಆಗಬೇಕು. ದುಡ್ಡು ನಿಂತರೆ ಕೆಲವು ದಿನಗಳಲ್ಲಿ ಎಲ್ಲ ಅಳಿಸಿಹಾಕುತ್ತೇವೆ ಎಂದು ನಿಮ್ಮ ಷರತ್ತಿನಲ್ಲಿದೆ. ಪ್ರತಿ ತಿಂಗಳು ಹಣ ಕಡಿತದ ಮೆಸೇಜ್ ಬಂದಾಗ ಅಮ್ಮ "ಅತ್ತೆಯ ಹಾಡಿನ ದುಡ್ಡು ಹೋಯ್ತು ನೋಡು" ಎನ್ನುತ್ತಾರೆ. ಹಾಡು ಇನ್ನೂ ಅಲ್ಲೇ ಇದೆ ಎಂಬ ಸಮಾಧಾನ ಅವರಿಗೆ. ಏಪ್ರಿಲ್‌ನಲ್ಲಿ ಆ ಮೆಸೇಜ್ ಬರುವುದಿಲ್ಲ.

2021ರ ಐಟಿ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಗಳು 24 ಗಂಟೆಯಲ್ಲಿ ದೂರು ಸ್ವೀಕರಿಸಿದ್ದನ್ನು ತಿಳಿಸಬೇಕು, ನಿಯಮದಲ್ಲಿ ಹೇಳಿದ ಗಡುವಿನೊಳಗೆ ಇತ್ಯರ್ಥ ಮಾಡಬೇಕು. ಅಷ್ಟರೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಇತ್ಯರ್ಥವಾಗುವ ತನಕ ಖಾತೆಯಲ್ಲಿರುವ ಯಾವುದನ್ನೂ ಅಳಿಸುವುದಿಲ್ಲ ಎಂದು ಮಾತ್ರ ಇವತ್ತೇ ಬರೆದು ತಿಳಿಸಿ. ಏಪ್ರಿಲ್‌ನಿಂದ ಆಗುವ ದುಡ್ಡನ್ನು ಹೇಗೆ ಕಟ್ಟಬೇಕೆಂದು ಹೇಳಿದರೆ, ಒಂದು ವರ್ಷದ್ದನ್ನು ಒಟ್ಟಿಗೇ ಕಟ್ಟುತ್ತೇವೆ.

ಇಂತಿ,
ಖಾತೆದಾರರ ಹಿರಿಯ ಮಗಳು
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ