ಮೂಟೆ ಬಂದ ದಿನದಿಂದ ಬರೆ

ಪ್ರೀತಿಯ ತಮ್ಮ,

ನಿನ್ನ ಕಥೆಯನ್ನು ಎರಡು ಸಲ ಓದಿದೆ, ಜೊತೆಗಿಟ್ಟ ಪತ್ರವನ್ನು ಮೂರು ಸಲ. ಒತ್ತಕ್ಷರದ ತಪ್ಪು, ಪುಟ ಎಷ್ಟಿರಬೇಕು, ಯಾವ ಪತ್ರಿಕೆಗೆ ಕಳಿಸಲಿ ಎಂದೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳಿಕೊಡುತ್ತಾರೆ, ಬಿಡು. ನನ್ನನ್ನು ಹಿಡಿದು ಕೂರಿಸಿದ್ದು ನಿನ್ನ ಕೊನೆಯ ನಾಲ್ಕು ಸಾಲು. ಗೆಳೆಯನ ಕಥೆ ಅಚ್ಚಾದಾಗ ಹೊಟ್ಟೆ ಉರಿಯಿತು, ಓದದೆಯೇ ‘ಚೆನ್ನಾಗಿದೆ’ ಅಂದೆ, ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಇಂಥವನು ಬರೆಯಬಹುದೇ ಎಂದು ಕೇಳಿದ್ದೀಯ. ನಿನ್ನ ಕಥೆ ಸೋತದ್ದೂ ಇದೇ ಗಾದೆಯನ್ನು ನಂಬಿ.

ನಿನ್ನ ನ್ಯಾಯಬೆಲೆ ಅಂಗಡಿಯವನನ್ನೇ ನೋಡು. ‘ಅವನು ಹುಟ್ಟಾ ಮೋಸಗಾರ’ ಎಂದು ಎರಡನೇ ಪ್ಯಾರಾದಲ್ಲೇ ಬರೆದುಬಿಟ್ಟಿದ್ದೀಯ. ಅಲ್ಲಿಗೆ ಮುಗಿಯಿತಲ್ಲ ಮಾರಾಯ! ಉಳಿದ ಹನ್ನೊಂದು ಪುಟ ಯಾಕೆ ಓದಬೇಕು? ಹುಟ್ಟಾ ಮೋಸಗಾರ ಮೋಸ ಮಾಡುವುದರಲ್ಲಿ ಕಥೆಯೇನಿದೆ?

ಮೂಟೆ ಬಂದ ದಿನದಿಂದ ಬರೆ. 50 ಕೆಜಿ ಎಂದು ಬರೆದ ಅಕ್ಕಿ ಮೂಟೆಯಲ್ಲಿ 49 ಇದೆ. ತಲೆಗೆ 5 ಕೆಜಿಯಂತೆ ಹತ್ತು ಜನಕ್ಕೆ ಹಂಚಬೇಕು. ಒಂದು ಕೆಜಿ ತನ್ನ ಕೈಯಿಂದ ಹಾಕಬೇಕು, ಇಲ್ಲವೇ ಒಬ್ಬೊಬ್ಬರಿಗೂ ನೂರು ಗ್ರಾಂ ಕಡಿಮೆ ಮಾಡಬೇಕು. ತೂಕದ ಯಂತ್ರದ ಮೇಲೆ ಖಾಲಿ ಡಬ್ಬ ಇಟ್ಟ ಕೂಡಲೇ ಗುಂಡಿ ಒತ್ತಿ ಸೊನ್ನೆ ಮಾಡಿಕೊಳ್ಳಬೇಕು, ಆಮೇಲೆ ಅಕ್ಕಿ ಸುರಿಯಬೇಕು. ಡಬ್ಬದ ತೂಕವೇ ನೂರು ಗ್ರಾಂ. ಅವತ್ತು ಅವನು ಗುಂಡಿ ಒತ್ತುವುದಿಲ್ಲ, ಅಷ್ಟೇ. ಕೈಚೀಲ ಹಿಡಿದು ನಿಂತ ಮುದುಕಿಯ ಮುಖವನ್ನು ಅವತ್ತು ನೋಡುವುದೂ ಇಲ್ಲ. ಮುಂದಿನ ತಿಂಗಳು ಮತ್ತೆ ಮೂಟೆ ಕಡಿಮೆ. ಈ ಸಲ ಮುದುಕಿಯ ಜೊತೆ ಮಾತಾಡುತ್ತಲೇ ತೂಗುತ್ತಾನೆ. ಮೂರನೇ ತಿಂಗಳು ಮೂಟೆ ಭರ್ತಿ ಬಂದಿದೆ. ಬೆರಳು ಮಾತ್ರ ಗುಂಡಿಯ ಕಡೆ ಹೋಗುವುದಿಲ್ಲ. ನಿನ್ನ ಕಥೆ ಇರುವುದು ಈ ಮೂರನೇ ತಿಂಗಳಲ್ಲಿ. ಅದನ್ನು ಬಿಟ್ಟು ಅವನ ಕೆಂಗಣ್ಣು, ಗಿರಿಜಾ ಮೀಸೆ ವರ್ಣಿಸುತ್ತಾ ಕೂತಿದ್ದೀಯ.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಇದನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಹೇಳಿದ್ದ. ಕಲ್ಲನ್ನು ಹತ್ತು ಸಾವಿರ ಸಲ ಮೇಲಕ್ಕೆಸೆದರೂ ಮೇಲೆ ಹೋಗುವುದನ್ನು ಅದು ಕಲಿಯದು, ಏಕೆಂದರೆ ಕೆಳಗೆ ಬೀಳುವುದು ಅದರ ಹುಟ್ಟುಗುಣ. ಮನುಷ್ಯನ ಒಳ್ಳೆಯತನ ಹಾಗಲ್ಲ, ಅದನ್ನು ಪಡೆಯುವ ಶಕ್ತಿ ಹುಟ್ಟಿನಿಂದ ಬರುತ್ತದೆ, ಪಕ್ವವಾಗುವುದು ರೂಢಿಯಿಂದ. ಮನೆ ಕಟ್ಟಿಯೇ ಕಟ್ಟುವವರಾಗುತ್ತಾರೆ, ಕೆಟ್ಟದಾಗಿ ಕಟ್ಟುತ್ತಾ ಹೋದರೆ ಕೆಟ್ಟ ಮೇಸ್ತ್ರಿಗಳಾಗುತ್ತಾರೆ. ನಮ್ಮ ಭಾಷೆಗೂ ಇದು ಗೊತ್ತು. ‘ನಡತೆ’ ಎಂಬ ಮಾತು ಹುಟ್ಟಿದ್ದು ‘ನಡೆ’ಯಿಂದ. ಹುಟ್ಟುಗುಣದ ಗಾದೆ ಹೇಳುವ ಅಜ್ಜಿಯೇ ಮರುಗಳಿಗೆಗೆ ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಅನ್ನುತ್ತಾಳೆ. ನೀನು ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡೆ.

ಹಾಗೆಂದು ಹುಟ್ಟಿನದೇನೂ ಇಲ್ಲ ಎನ್ನುತ್ತಿಲ್ಲ. ಒಬ್ಬನಿಗೆ ಬೇಗ ಸಿಟ್ಟು ಬರುತ್ತದೆ, ಇನ್ನೊಬ್ಬನಿಗೆ ಬೇಗ ಭಯ. ಜನರ ಸ್ವಭಾವಗಳ ನಡುವಿನ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ದೊಡ್ಡದೇ ಎಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಆದರೆ ಸಿಟ್ಟು ಬರುವುದು ಸ್ವಭಾವ, ಸಿಟ್ಟು ಬಂದಾಗ ಏನು ಮಾಡುತ್ತೀ ಎಂಬುದು ನಡತೆ. ಹೊಟ್ಟೆ ಉರಿದದ್ದಕ್ಕೆ ನಿನ್ನನ್ನು ಯಾರೂ ದೂರಲಾರರು. ಓದದೆ ಹೊಗಳಿದೆಯಲ್ಲ, ಅದು ನೀನೇ ಮಾಡಿದ್ದು.

ಪಾತ್ರ ಕಟ್ಟುವವರೆಲ್ಲ ತಿಳಿದಿರಬೇಕಾದ ಪ್ರಯೋಗವೊಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ್ದು. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ 40 ಹುಡುಗರು. ಪಕ್ಕದ ಕಟ್ಟಡಕ್ಕೆ ಹೋಗಿ ಮಾತಾಡಬೇಕು. ಕೆಲವರಿಗೆ ಕೊಟ್ಟ ವಿಷಯ, ಬೈಬಲ್ಲಿನಲ್ಲಿ ಬರುವ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಕಥೆ. ಹೋಗುವ ಓಣಿಯ ಬಾಗಿಲೊಂದರಲ್ಲಿ ಒಬ್ಬ ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಕುಸಿದು ಕೂತು ಕೆಮ್ಮಿ ನರಳುತ್ತಾನೆ. ಇನ್ನೂ ಹೊತ್ತಿದೆ ಎಂದು ಹೇಳಿ ಕಳಿಸಿದವರಲ್ಲಿ ನೂರಕ್ಕೆ 63ರಷ್ಟು ಜನ ನೆರವಾದರು, ಆಗಲೇ ತಡವಾಯಿತು ಎಂದು ಓಡಿಸಿದವರಲ್ಲಿ 10ರಷ್ಟು. ಮಾತಾಡಬೇಕಾದ ವಿಷಯ ಯಾವುದು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಸಮಾರ್ಯದವನ ಬಗ್ಗೆ ಮಾತಾಡಲು ಹೊರಟವರೇ ಕೆಲವರು ಆ ನರಳುವವನನ್ನು ದಾಟಿಕೊಂಡು ಹೋದರು. 40 ಜನ ಸಣ್ಣ ಲೆಕ್ಕವೇ, ಅದರ ಮೇಲೆ ಸಿದ್ಧಾಂತ ಕಟ್ಟಬೇಡ. ಆದರೆ ನಿನ್ನ ಪಾತ್ರ ಒಳ್ಳೆಯವನೋ ಕೆಟ್ಟವನೋ ಎಂದು ಕೇಳಿಕೊಳ್ಳುವ ಮೊದಲು ಅವನಿಗೆ ಬಸ್ ಎಷ್ಟು ಗಂಟೆಗೆ ಎಂದು ಕೇಳಿಕೋ.

ಈಗ ನಿನ್ನ ಹೊಟ್ಟೆಕಿಚ್ಚಿನ ವಿಷಯ. ಅದು ಆರಿದ ಮೇಲೆ ಒಳ್ಳೆಯವನಾಗುತ್ತೇನೆ ಎಂದು ಕಾಯಬೇಡ, ಆರುವುದಿಲ್ಲ. ಗೆಳೆಯನ ಕಥೆ ಬಂದ ದಿನವೇ ಪೂರ್ತಿ ಓದು. ಮಲಗುವ ಮೊದಲು ಮೂರು ಸಾಲು ಬರೆದು ಕಳಿಸು. ಚೆನ್ನಾಗಿರುವ ಒಂದು ವಾಕ್ಯವನ್ನು ಅವನ ಮಾತಿನಲ್ಲೇ ಎತ್ತಿ ಬರೆ, ಅದು ಯಾಕೆ ಹಿಡಿಸಿತು ಎಂದು ಹೇಳು, ಒಪ್ಪಿಗೆಯಾಗದ್ದು ಒಂದಿದ್ದರೆ ಅದನ್ನೂ ಹೇಳು. ‘ಅದ್ಭುತ’, ‘ಮನಮುಟ್ಟಿತು’ ಬೇಡ, ಓದದವನಿಗೂ ಆ ಮಾತು ಸಿಗುತ್ತದೆ. ನಿನ್ನ ಕಥೆಯ ಸುದ್ದಿ ಎತ್ತಬೇಡ. ಒಂದು ಸಲ ತಪ್ಪಿದರೆ ಎಲ್ಲ ಹಾಳಾಯಿತು ಎಂದು ಕೈಬಿಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ ಅಧ್ಯಯನದಲ್ಲಿ ಒಂದು ರೂಢಿ ಕೂರಲು ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನ ಬೇಕು ಎಂದು ಲೆಕ್ಕ ಸಿಕ್ಕಿತು, ನಡುವೆ ಒಂದು ದಿನ ತಪ್ಪಿದ್ದರಿಂದ ಅಂಥ ಹಾನಿಯೇನೂ ಆಗಲಿಲ್ಲ. ಅಲ್ಲಿ ನೋಡಿದ್ದು ಊಟ, ನೀರು, ವ್ಯಾಯಾಮದಂಥ ಸಣ್ಣ ರೂಢಿಗಳನ್ನು. ಪ್ರಾಮಾಣಿಕತೆಗೆ ಇನ್ನೂ ಹೆಚ್ಚು ದಿನ ಇಟ್ಟುಕೋ.

ಇನ್ನು ನಿನ್ನ ಕೊನೆಯ ಪುಟ. ಅಂಗಡಿಯವನಿಗೆ ಲಕ್ವ ಹೊಡೆಸಿ, ಮುದುಕಿಯ ಬಾಯಲ್ಲಿ ಧರ್ಮದ ಮಾತು ಆಡಿಸಿದ್ದೀಯ. ಇದು ನಿನ್ನೊಬ್ಬನ ತಪ್ಪಲ್ಲ. ‘ಸಂದೇಶವಿದೆ’ ಎಂದು ಬಹುಮಾನ ಕೊಟ್ಟು ಕೊಟ್ಟು ತೀರ್ಪುಗಾರರು ಹುಡುಗರ ಕೈ ಕೆಡಿಸಿದ್ದಾರೆ. ಆ ಸಿಟ್ಟು ನನ್ನಲ್ಲಿ ಇನ್ನೂ ತಣಿದಿಲ್ಲ. ನಿನಗೆ ಕಿವಿ ಇದೆ. ‘ಚೀಲ ಕೊಡವಿ ಕೊಡಪ್ಪಾ, ಮೂಲೇಲಿ ನಾಕು ಕಾಳು ಉಳಿದಾವೆ’ ಎಂದು ಮುದುಕಿ ಹೇಳುವ ಮಾತು ಬರೆದವನು ಲಕ್ವದ ಮೊರೆ ಹೋಗಬೇಕೇ?

ಪೂರ್ತಿ ಕಥೆ ಕಳಿಸಬೇಡ. ಮೂಟೆ ಇಳಿದಾಗಿನಿಂದ ಮೂರನೇ ತಿಂಗಳ ತೂಕದವರೆಗೆ ಮಾತ್ರ ಬರೆದು ಕಳಿಸು. ‘ಮೋಸ’ ಎಂಬ ಪದ ಅದರಲ್ಲಿ ಒಂದು ಸಲವೂ ಬರಕೂಡದು. ಗೆಳೆಯನಿಗೆ ಬರೆದ ಮೂರು ಸಾಲನ್ನು ನನಗೆ ತೋರಿಸಬೇಕಾಗಿಲ್ಲ.

ನಿನ್ನ,
ಅಣ್ಣ